ಸುತ್ತು ಹಿಡಿದ ಹಿಂಡು

ಆ ಮರಿ ಎಡಕ್ಕೇ ತಿರುಗುತ್ತಿತ್ತು. ನಾನು ಬೈಕ್ ನಿಲ್ಲಿಸಿ, ಔಷಧದ ಚೀಲ ಹೆಗಲಿಗೇರಿಸಿಕೊಂಡು ಹೊಲಕ್ಕೆ ಇಳಿದಾಗಲೂ ಅದು ನಿಂತಿರಲಿಲ್ಲ. ಒಂದೇ ಜಾಗದಲ್ಲಿ ಸುತ್ತಿ ಸುತ್ತಿ ಕಾಲಡಿಯ ಎರೆಮಣ್ಣು ಹಿಟ್ಟಾಗಿತ್ತು. ತಲೆ ಎಡಕ್ಕೆ ವಾಲಿತ್ತು, ಮುಖ ಮಾತ್ರ ಮೇಲಕ್ಕೆ, ಆಕಾಶದಲ್ಲಿ ಯಾರೋ ಕರೆದಂತೆ. ಹಿಂಡು ಆಚೆ ಬದುವಿನಲ್ಲಿ ಮೇಯುತ್ತಿತ್ತು. ಕುರಿ ಒಂದನ್ನೊಂದು ಬಿಟ್ಟಿರುವ ಪ್ರಾಣಿಯಲ್ಲ. ಇದಕ್ಕೆ ತನಗೊಂದು ಹಿಂಡು ಇದೆ ಎಂಬುದೇ ಮರೆತಂತಿತ್ತು.

ಪಾಮನಕಲ್ಲೂರು ಸುತ್ತಲಿನ ಊರುಗಳ ದನಕರು ನೋಡುವ ಪಶುವೈದ್ಯೆ ನಾನು. ಆ ವರ್ಷ ಹಿಂಗಾರಿ ಜೋಳದ ಬಿತ್ತನೆ ನಡೆದಾಗ, ಗುಡ್ಡದ ಬುಡದಲ್ಲಿ ಬೀಡುಬಿಟ್ಟಿದ್ದ ಕುರಿಗಾರ ಹೆಂಗಸೊಬ್ಬಳು ಹೇಳಿಕಳಿಸಿದ್ದಳು. ಐವತ್ತರ ಆಸುಪಾಸಿನವಳು, ಗಂಡ ತೀರಿದ ಮೇಲೆ ಮೈದುನನ ಜೊತೆ ಸೇರಿ ಹಿಂಡು ನಡೆಸುತ್ತಿದ್ದಳು. ನನ್ನ ಜೊತೆ ನಮ್ಮ ಆಸ್ಪತ್ರೆಯ ಸಹಾಯಕರು ಬಂದಿದ್ದರು. ನಿವೃತ್ತಿಗೆ ಹತ್ತಿರವಾಗಿದ್ದ ಅವರನ್ನು ನಾನು ಚಾಚಾ ಎನ್ನುತ್ತಿದ್ದೆ, ಅವರು ನನ್ನನ್ನು ಬೇಟಾ ಎನ್ನುತ್ತಿದ್ದರು.

ಚಾಚಾ ಮರಿಯನ್ನು ಹಿಡಿದರು. ಬಲಗಣ್ಣಿನ ಮುಂದೆ ಕೈ ಬೀಸಿದೆ, ರೆಪ್ಪೆ ಅಲುಗಲಿಲ್ಲ. ಎಡಗಣ್ಣು ಮಾತ್ರ ಬೆದರಿತು. ಹಣೆಯ ಮೇಲೆ ಕಾದ ಕಬ್ಬಿಣದಿಂದ ಬರೆ ಹಾಕಿದ ಗುರುತಿತ್ತು, ಇನ್ನೂ ಹಸಿಯಾಗಿತ್ತು.

"ಬರಿ ಯಾರು ಹಾಕಿದ್ದು?"

"ನಾನ ಹಾಕೀನ್ರಿ," ಎಂದ ಮೈದುನ. "ಮೊದ್ಲ ಎರಡು ಹಿಂಗ ತಿರುಗಿ ತಿರುಗಿ ಸತ್ತಾವು. ಇದು ಬ್ಯಾನಿ ಅಲ್ರಿ. ನಮ್ಮಣ್ಣ ಹಿಂಡು ಬಿಟ್ಟು ಹೋಗಿಲ್ಲ."

ಹೆಂಗಸು ಅವನನ್ನು ಗದರಲಿಲ್ಲ. ಮರಿ ನೋಡುತ್ತಿದ್ದ ದಿಕ್ಕಿಗೇ ತಾನೂ ನೋಡಿ, ಮೆಲ್ಲಗೆ ಹೇಳಿದಳು. "ಅದಕ್ಕ ಅವ್ರು ಕಾಣಾಕತ್ಯಾರ್ರಿ, ಡಾಕ್ಟ್ರವ್ವಾ. ನಮಗ ಕಾಣವಲ್ರು."

ಅವಳ ಗಂಡ ಹಿಂದಿನ ಬೇಸಿಗೆಯ ಅಡ್ಡಮಳೆಯಲ್ಲಿ ಸಿಡಿಲು ಬಡಿದು ಸತ್ತಿದ್ದ. ಕುರಿಗಳ ನಡುವೆ ಕಂಬಳಿ ಹೊದ್ದು ನಿಂತಿದ್ದವನು ನಿಂತಲ್ಲೇ ಬಿದ್ದನಂತೆ. ಒಂದು ಕುರಿಗೂ ಏನೂ ಆಗಿರಲಿಲ್ಲ. ಮುಂಗಾರು ಕಳೆದ ಮೇಲೆ ಎಳೆಯ ಕುರಿಗಳು ಒಂದೊಂದಾಗಿ ಮುಖ ಎತ್ತಿ ಸುತ್ತತೊಡಗಿದ್ದವು.

ನಾನು ಬೆಳೆದದ್ದು ಸಿಂಧನೂರಿನಲ್ಲಿ, ಬೌದ್ಧರ ಮನೆಯಲ್ಲಿ. ಕಚೇರಿಯಲ್ಲಿ ಗುಮಾಸ್ತರಾಗಿದ್ದ ಅಪ್ಪ ದೆವ್ವದ ಮಾತು ಬಂದರೆ ನಗುತ್ತಿರಲಿಲ್ಲ, ಬೈಯುತ್ತಿರಲಿಲ್ಲ. ಕಾರಣ ಇಲ್ಲದೆ ಯಾವುದೂ ಹುಟ್ಟುವುದಿಲ್ಲ, ಹುಡುಕು ಎನ್ನುತ್ತಿದ್ದರು. ಇಲ್ಲಿಯ ಕಾರಣ ನನಗೆ ಗೊತ್ತಿತ್ತು. ನಾಯಿಯ ಕರುಳಿನಲ್ಲಿ ಒಂದು ಜಾತಿಯ ಲಾಡಿಹುಳು ಇರುತ್ತದೆ. ನಾಯಿಯ ಹೇಲಿನ ಜೊತೆ ಅದರ ಮೊಟ್ಟೆ ಹುಲ್ಲಿಗೆ ಬೀಳುತ್ತದೆ. ಆ ಹುಲ್ಲು ತಿಂದ ಕುರಿಯ ಮಿದುಳಿಗೆ ಮರಿಹುಳು ಸೇರಿ ನೀರಿನ ಗುಳ್ಳೆಯಾಗಿ ಬೆಳೆಯುತ್ತದೆ. ಗುಳ್ಳೆ ಯಾವ ಕಡೆ ಇದೆಯೋ ಕುರಿ ಸಾಮಾನ್ಯವಾಗಿ ಆ ಕಡೆಗೆ ಸುತ್ತುತ್ತದೆ. ಆ ಕುರಿಯ ತಲೆಯನ್ನು ನಾಯಿ ತಿಂದರೆ ಹುಳು ಮತ್ತೆ ಕರುಳಿಗೆ ಬರುತ್ತದೆ. ಕುರಿಗಾರರು ಇದನ್ನು ಸುತ್ತುಬ್ಯಾನಿ ಎನ್ನುತ್ತಾರೆ.

"ನಾಯಿಗೆ ಏನು ಹಾಕ್ತೀರಿ, ಯವ್ವಾ?" ಎಂದು ಕೇಳಿದೆ.

"ರೊಟ್ಟಿ, ಮಜ್ಜಿಗಿ."

"ಸತ್ತ ಕುರಿ ತಲಿ?"

"ಇಲ್ರಿ. ಸತ್ತದ್ದು ಹುಗೀತೀವಿ. ಅವ್ರು ಇದ್ದಾಗಿಂದ ಅದ ರೂಢಿ."

ಹಿಂಡಿಗೆ ಒಂದೇ ನಾಯಿ ಇತ್ತು. ಎತ್ತರದ, ಕಂದು ಬಣ್ಣದ ಗಂಡು. ಸರದಾರ ಎಂದು ಹೆಸರು. ನಾನು ಅದರ ಕಡೆ ನೋಡಿದಾಗಲೆಲ್ಲ ಅದೂ ನನ್ನನ್ನು ನೋಡುತ್ತಿತ್ತು. ಅವಳು ಸುಳ್ಳು ಹೇಳುವವಳಾಗಿ ಕಾಣಲಿಲ್ಲ. ಹಾಗಾದರೆ ಹುಳು ಎಲ್ಲಿಂದ ಬಂತು?

ಮರಿಯ ತಲೆಬುರುಡೆಯನ್ನು ಹೆಬ್ಬೆರಳಿನಿಂದ ಒತ್ತಿ ನೋಡುತ್ತ ಬಂದೆ. ಗುಳ್ಳೆ ಮೇಲ್ಭಾಗದಲ್ಲಿದ್ದರೆ ಅದರ ಮೇಲಿನ ಎಲುಬು ತೆಳುವಾಗಿ ಹಪ್ಪಳದಂತೆ ಬಾಗುತ್ತದೆ. ಎಡಗಡೆ ಒಂದಿಷ್ಟು ಮೆತ್ತಗೆ ಸಿಕ್ಕಿತು ಅನ್ನಿಸಿತು, ಬರೆಯ ಬಾವಿನಿಂದ ಖಚಿತವಾಗಿ ಹೇಳಲಾಗಲಿಲ್ಲ. ಬಿಟ್ಟರೆ ಸಾಯುವುದು ಖಂಡಿತ. ಅವಳನ್ನು ಕೇಳಿ, ಬುರುಡೆ ಕೊರೆದು ಗುಳ್ಳೆ ತೆಗೆಯೋಣ ಎಂದೆ.

ಬೇವಿನ ನೆರಳಿನಲ್ಲಿ ಗೋಣಿತಾಟು ಹಾಸಿದೆವು. ಉಣ್ಣೆ ಬೋಳಿಸಿ, ಅಯೋಡಿನ್ ಹಚ್ಚಿ, ಸುತ್ತಲೂ ಮರಗಟ್ಟಿಸುವ ಸೂಜಿ ಕೊಟ್ಟೆ. ಚರ್ಮವನ್ನು ಕುದುರೆ ಲಾಳದ ಆಕಾರದಲ್ಲಿ ಕೊಯ್ದು ಮಡಿಸಿದೆ. ಎಲುಬು ಮೆತ್ತಗಿರಲಿಲ್ಲ. ಕೊರೆದು ಸಿರಿಂಜಿನ ಸೂಜಿ ಇಳಿಸಿದೆ, ನೀರು ಬರಲಿಲ್ಲ. ಕೋನ ಬದಲಿಸಿ ಇನ್ನೊಮ್ಮೆ ಇಳಿಸಿದೆ. "ಆಹಿಸ್ತಾ, ಬೇಟಾ, ಮೆಲ್ಲಕ," ಎಂದರು ಚಾಚಾ. ಸ್ವಲ್ಪ ಹೊತ್ತಿನ ಮೇಲೆ ಅವರೇ, "ಬಿಡ್ರಿ ಬೇಟಾ, ಉಸಿರಿಲ್ಲ," ಎಂದರು.

ಸತ್ತ ಮೇಲೆ ಬುರುಡೆ ಪೂರ್ತಿ ಬಿಚ್ಚಿದೆ. ಗುಳ್ಳೆ ಹಿಂಭಾಗದಲ್ಲಿ, ಆಳದಲ್ಲಿ, ನನ್ನ ಸೂಜಿ ಮುಟ್ಟದ ಕಡೆ ಇತ್ತು. ಕೋಳಿಮೊಟ್ಟೆಯಷ್ಟು ದಪ್ಪ. ತೆಳ್ಳನೆಯ ಪೊರೆ, ಒಳಗೆ ಕನ್ನಡಿಯಂಥ ನೀರು, ಪೊರೆಗೆ ಅಂಟಿದ ಬಿಳಿ ಬಿಳಿ ಕಾಳುಗಳ ಗೊಂಚಲು. ಪ್ರತಿ ಕಾಳೂ ಒಂದು ಹುಳುವಿನ ತಲೆ. ಇಕ್ಕಳದಿಂದ ಎತ್ತಿ ಬೆಳಕಿಗೆ ಹಿಡಿದೆ. ಇದರಲ್ಲಿ ಯಾರ ಆತ್ಮವೂ ಇಲ್ಲ ಎಂದು ಮೈದುನನಿಗೆ ತೋರಿಸಬೇಕಿತ್ತು.

ಆದರೆ ಗಾಬರಿಯಾದವಳು ಅವಳು.

"ಈ ಗುಳ್ಳಿ ನಾ ನೋಡೀನ್ರಿ," ಎಂದಳು.

"ಎಲ್ಲಿ?"

"ಅವ್ರ ದಿನದಾಗ."

ಗಂಡ ತೀರಿದ ಮೇಲೆ ಮಾಡಿದ ದಿನದ ಊಟಕ್ಕೆ ತಮ್ಮ ಹಿಂಡಿನ ಕುರಿ ಕೊಯ್ಯಲು ಮನಸ್ಸಾಗದೆ, ಸಂತೆಯಿಂದ ಬೇರೆಯವರ ಕುರಿ ತಂದಿದ್ದರಂತೆ. ತಲೆ ಸುಟ್ಟು ಒಡೆಯುವ ಬದಲು, ಅವಸರದಲ್ಲಿ ಹಸಿಯಾಗಿಯೇ ಒಡೆದಾಗ ಒಂದರಲ್ಲಿ ಇಂಥದೇ ನೀರಿನ ಚೀಲ ಕಂಡಿತ್ತು. ಅಡುಗೆಯವರು ಹೇಸಿ ಆಚೆ ಒಗೆದಿದ್ದರು.

"ಸರದಾರ, ಅವ್ರು ಹೋದಾಗಿಂದ, ಏನೂ ಮುಟ್ಟಿದ್ದಿಲ್ರಿ. ಅವ್ರನ್ನ ಮಣ್ಣು ಮಾಡಿದಲ್ಲೇ ಮಕ್ಕೊಂಡಿತ್ತು. ಸತ್ತ ಹೋಗ್ತೈತಿ ಅಂದ್ಕೊಂಡಿದ್ವಿ. ಅವತ್ತ ನಾ ಆ ತಲಿ ಒಯ್ದು ಮುಂದ ಇಟ್ಟೆ. ತಿಂತು. ತಿಂದದ್ದು ನೋಡಿ ನಾನೂ ಅವತ್ತ ಒಂದು ತುತ್ತು ಉಂಡೆ."

ಅವಳ ದನಿಯಲ್ಲಿ ಅಳು ಇರಲಿಲ್ಲ. ಒಳ್ಳೆಯದೊಂದನ್ನು ನೆನಪಿಸಿಕೊಳ್ಳುವವರ ದನಿ ಅದು. ನಾನು ಮನಸ್ಸಿನಲ್ಲೇ ತಿಂಗಳುಗಳನ್ನು ಜೋಡಿಸಿದೆ. ಬೇಸಿಗೆಯಲ್ಲಿ ನಾಯಿ ತಿಂದಿತು. ಮುಂಗಾರು ಬೀಳುವ ಹೊತ್ತಿಗೆ ಹುಳು ಬೆಳೆದು ಮೊಟ್ಟೆ ಹಾಕತೊಡಗಿತ್ತು. ಹಸಿ ಹುಲ್ಲಿನಲ್ಲಿ ಮೊಟ್ಟೆ ಬಿತ್ತು, ಆ ವರ್ಷದ ಮರಿಗಳು ಮೇಯಲು ಕಲಿತದ್ದೇ ಆ ಹುಲ್ಲಿನಲ್ಲಿ. ಎಲ್ಲವೂ ಹೊಂದಿಕೊಂಡಿತು. ಇದು ಅಣ್ಣನ ಸಾವಿನಿಂದಲೇ ಬಂದದ್ದು ಎಂದ ಮೈದುನನ ಮಾತು ಒಂದು ರೀತಿಯಲ್ಲಿ ನಿಜವೇ ಆಗಿತ್ತು.

ನೀರು ಕುಡಿಯುವ ನೆಪದಲ್ಲಿ ಚಾಚಾ ನನ್ನನ್ನು ಬೈಕಿನ ಕಡೆ ಕರೆದರು. ಅವರಿಗೂ ಅರ್ಥವಾಗಿತ್ತು. "ನಾಯಿಗೆ ಔಷಧ ಕೊಡೂಣು. ಆದ್ರ ಆ ದಿನದ ಮಾತು ತೆಗೀಬ್ಯಾಡ್ರಿ. ಆಕಿ ಅದೊಂದು ನೆಪ್ಪಿನ ಮ್ಯಾಲ ನಿಂತಾಳ."

ನಾನು ಹಾಗೆಯೇ ಮಾಡಿದೆ. ಹುಳು ನಾಯಿಯಿಂದ ಕುರಿಗೆ ಹೋಗುತ್ತದೆ, ಸರದಾರನನ್ನು ಒಂದೇ ಕಡೆ ಕಟ್ಟಿ ಗುಳಿಗೆ ಕೊಡಬೇಕು, ಅದರ ಹೇಲನ್ನು ದಿನವೂ ಸುಡಬೇಕು, ಸತ್ತ ಕುರಿಯ ತಲೆಯನ್ನೂ ಸುಡಬೇಕು, ಬರಿಗೈಯಲ್ಲಿ ಏನನ್ನೂ ಮುಟ್ಟಬಾರದು ಎಂದೆ. ಅಷ್ಟೇ.

ಮೈದುನ ತಕ್ಷಣ ಹೇಳಿದ. "ಗುಳಿಗಿ ಯಾಕ್ರಿ? ನಾಯಿನ ಇಲ್ಲದಂಗ ಮಾಡಿದ್ರಾತು. ಬೆಳಿಗೆ ಹೊಡಿಯೋ ಎಣ್ಣಿ ಒಂದೀಟು ರೊಟ್ಟ್ಯಾಗ ಇಟ್ರ ಮುಗೀತು."

"ಅದರ ಮೈ ಮುಟ್ಟಿದ್ರ ನನ್ನ ಮೈ ಮುಟ್ಟಿದಂಗ," ಎಂದಳು ಅವಳು.

ಮರುದಿನ ಬೆಳಿಗ್ಗೆ ಜಾಲಿಯ ಬೊಡ್ಡೆಗೆ ಸರದಾರನನ್ನು ಕಟ್ಟಿದರು. ತೂಕ ಅಂದಾಜು ಮಾಡಿ ಗುಳಿಗೆ ಅರೆದು, ಹಾಲಿನಲ್ಲಿ ನೆನೆಸಿದ ರೊಟ್ಟಿಯಲ್ಲಿ ಕಲಸಿ ಕೊಟ್ಟೆ. ಅದು ಅವಳ ಕೈಯಿಂದ ಮಾತ್ರ ತಿಂದಿತು. ಸಂಜೆ ಅವಳೇ ಫೋನ್ ಮಾಡಿದಳು. ಹೇಲಿನಲ್ಲಿ ಬಿಳಿ ಲಾಡಿಯ ತುಂಡುಗಳು ಬಿದ್ದಿವೆ, ಸುಟ್ಟೆ ಎಂದಳು. ಆಮೇಲೆ ಕೇಳಿದಳು.

"ಡಾಕ್ಟ್ರವ್ವಾ, ಇವು ಅವತ್ತು ತಿಂದ ಗುಳ್ಳ್ಯಾಗಿನವ ಅಲ್ರೀ?"

ಸುಳ್ಳು ಹೇಳಲು ನಾಲಗೆ ಏಳಲಿಲ್ಲ. "ಇರಬಹುದು, ಯವ್ವಾ."

"ಹಂಗಾರ ನಾನ ಉಣಿಸೀನಿ," ಎಂದಳು. ಫೋನ್ ಕಟ್ಟಾಯಿತು.

ನಾಯಿ ಕಟ್ಟಿಹಾಕಿದ್ದಾಗಲೇ ತೋಳ ಬಂತು. ಬೆಳಕು ಹರಿಯುವ ಹೊತ್ತು, ಹಿಂಡು ಬಿಡುವ ಮುನ್ನ. ನಾನು ಹೋದಾಗ ಸರದಾರನ ಕೊರಳಿನಲ್ಲಿ ಹಗ್ಗ ಕೊಯ್ದು ರಕ್ತ ಬಂದಿತ್ತು. ತಡಿಕೆಯ ಆಚೆ ಹೋಗಿ ಸುತ್ತುತ್ತ ನಿಂತಿದ್ದ ಒಂದು ಮರಿಯನ್ನು ತೋಳ ಎತ್ತಿಕೊಂಡು ಹೋಗಿತ್ತು. ನೂರಾರು ಕುರಿಗಳಲ್ಲಿ ಅದೊಂದೇ. ಅದಕ್ಕೆ ತೋಳದ ವಾಸನೆ ತಿಳಿದಿರಲಿಲ್ಲ, ಓಡಲೂ ಇಲ್ಲ. ಕರೆದ ಕಡೆ ಹೋದಂತೆ ಹೋಯಿತು ಎಂದ ಮೈದುನ.

ಗುಡ್ಡ ಹತ್ತಿ ಹುಡುಕಿದೆವು. ಎಲೆಗಳ್ಳಿ ಮೆಳೆಯ ಹಿಂದೆ ಉಣ್ಣೆ, ಗೊರಸು, ಒಂದಿಷ್ಟು ಕರುಳು ಸಿಕ್ಕವು. ತಲೆ ಸಿಗಲಿಲ್ಲ.

ನಾನು ಅಲ್ಲೇ ಬಂಡೆಯ ಮೇಲೆ ಕೂತೆ. ಪಾಠದಲ್ಲಿ ಓದಿ ಬರೆದು ಪಾಸಾಗಿದ್ದ ವಿಷಯ ಅಂದು ಮೊದಲ ಸಲ ಮೈಗೆ ತಾಗಿತು. ಕುರಿ ಸುತ್ತುವುದು ಬರೀ ರೋಗದ ಲಕ್ಷಣವಲ್ಲ. ಹುಳು ಕುರಿಯನ್ನು ಹಿಂಡಿನಿಂದ ಬೇರೆ ಮಾಡುತ್ತದೆ, ಕಣ್ಣು ಕುರುಡಾಗಿಸುತ್ತದೆ, ಹೆದರಿಕೆಯನ್ನೇ ಅಳಿಸುತ್ತದೆ. ನಾಯಿಯ ಜಾತಿಯ ಯಾವುದೋ ಬಾಯಿಗೆ ಅದನ್ನು ಒಪ್ಪಿಸುವ ತನಕ ಸುತ್ತಿಸುತ್ತದೆ. ಮನುಷ್ಯ ಕುರಿ ಸಾಕುವ ಮೊದಲೇ, ನಾಯಿ ಮನುಷ್ಯನ ಹಿಂದೆ ಬರುವ ಮೊದಲೇ, ತೋಳಕ್ಕೂ ಇಂಥ ಹುಳುವಿಗೂ ಈ ಒಪ್ಪಂದ ಇದ್ದಿರಬೇಕು. ಸರದಾರನ ಕರುಳು ತೊಳೆದು ನಾನು ಗೆದ್ದೆ ಎಂದುಕೊಂಡಿದ್ದೆ. ಹುಳು ತೋಳದ ಕರುಳು ಸೇರಿ ಗುಡ್ಡಕ್ಕೆ ಹೋಗಿತ್ತು.

ಇನ್ನೊಂದು ಸಂಗತಿಯನ್ನೂ ಅವಳಿಗೆ ಹೇಳಬೇಕಿತ್ತು. ನಾಯಿಗೆ ಔಷಧವಾದರೂ ಮರಿಗಳು ಈಗಾಗಲೇ ತಿಂದ ಮೊಟ್ಟೆ ಒಳಗೆ ಬೆಳೆಯುತ್ತಲೇ ಇರುತ್ತದೆ. ಇಂದು ನೆಟ್ಟಗೆ ನಡೆಯುವ ಮರಿ ಮುಂದಿನ ತಿಂಗಳು ಮುಖ ಎತ್ತಬಹುದು. ಯಾವುದು ಎಂದು ಹೇಳಲು ಬರುವುದಿಲ್ಲ. ಅವಳು ಎಲ್ಲ ಕೇಳಿಸಿಕೊಂಡು, "ಹಂಗಾರ ದಿನಾ ಬೆಳಗಾದ್ರ ಎಲ್ಲಾವ್ರ ಮುಖಾ ನೋಡಬೇಕು," ಎಂದಳು.

ನಾಲೆಯ ಕಡೆ ಭತ್ತ ಕೊಯ್ಲಾದಾಗ ಹಿಂಡು ಮುಕ್ಕುಂದದ ಗದ್ದೆಗಳಿಗೆ ಇಳಿಯಿತು. ಗದ್ದೆಯವರಿಗೆ ಗೊಬ್ಬರ, ಕುರಿಗಳಿಗೆ ಕೂಳೆ. ಅದು ನನ್ನ ವ್ಯಾಪ್ತಿಯಲ್ಲ. ಆದರೂ ಭಾನುವಾರ ಸಿಂಧನೂರಿನ ಮನೆಗೆ ಹೋದಾಗಲೆಲ್ಲ, ಅಲ್ಲಿನ ವೈದ್ಯರಿಗೆ ತಿಳಿಸಿ, ಚಾಚಾರನ್ನು ಹೊರಡಿಸಿಕೊಂಡು ಅಲ್ಲಿಗೆ ಹೋಗುತ್ತಿದ್ದೆ. ಪ್ರತಿ ಸಲವೂ ಒಂದೆರಡು ಸುತ್ತುತ್ತಿರುತ್ತಿದ್ದವು. ಕೂಳೆಯ ಹಸಿ ಮಣ್ಣಿನಲ್ಲಿ ಅವು ತುಳಿದ ದುಂಡನೆಯ ಗುರುತು ದೂರದಿಂದಲೇ ಕಾಣುತ್ತಿತ್ತು. ರಾತ್ರಿ ಕಣ್ಣು ಮುಚ್ಚಿದರೂ ಅದೇ. ಊಟದ ತಟ್ಟೆಯ ಮುಂದೆ ತಲೆ ವಾರೆ ಮಾಡಿ ಕೂತ ನನ್ನ ಮಗಳನ್ನು ಕಂಡು ಒಮ್ಮೆ ಬೆಚ್ಚಿ, ಅವಳ ಕಣ್ಣ ಮುಂದೆ ಕೈ ಬೀಸಿದ್ದೆ.

ಮೊದಲ ಸೋಲಿನಿಂದ ಕಲಿತೆ. ಎಲುಬು ಬೆರಳಿಗೆ ಬಾಗುವ ತನಕ ಕೊಯ್ಯುತ್ತಿರಲಿಲ್ಲ. ಹಿಂಗಾಲು ಎಳೆಯುವ, ತೂರಾಡುವ ಕುರಿಗಳಲ್ಲಿ ಗುಳ್ಳೆ ಆಳದಲ್ಲಿರುತ್ತದೆ. ಅವನ್ನು ಮುಟ್ಟದೆ, ನೋಯದಂತೆ ಸೂಜಿ ಕೊಟ್ಟು ಕೊನೆಗಾಣಿಸಿ, ತಲೆ ಸುಡಿಸಿದೆ. ಗದ್ದೆಯ ಮಾಲೀಕನಿಗೆ ಆ ಹೊಗೆ ಸೇರಲಿಲ್ಲ. "ನಮ್ಮ ಹೊಲದಾಗ ಸುಡುಗಾಡು ಮಾಡೀರೇನು?" ಎಂದು ಕೂಗಾಡಿದ. ಅವನ ಊರಿನ ನಾಯಿಗಳು ಆ ತಲೆ ತಿಂದರೆ ಏನಾಗುತ್ತದೆಂದು ನಾನು ವಿವರಿಸಿದ ಮೇಲೆ, ಸೌದೆ ತಾನೇ ಕಳಿಸಿದ.

ಸಂಕ್ರಾಂತಿಯ ಆಸುಪಾಸಿನಲ್ಲಿ ಒಂದು ಹೆಣ್ಣುಮರಿ ಸುತ್ತು ಹಿಡಿಯಿತು. ಗಂಡ ಸಾಯುವ ಮುಂಚೆ ಅವನ ಕೈಯಲ್ಲೇ ಹುಟ್ಟಿದ್ದು, ಅವನ ಕಂಬಳಿಯ ಮಡಿಲಲ್ಲಿ ಮಲಗಿ ಬೆಳೆದದ್ದು. ಎಡಗಡೆ ಎಲುಬು ಚೆನ್ನಾಗಿ ಬಾಗುತ್ತಿತ್ತು. ಇದು ಉಳಿಯುತ್ತದೆ ಎಂದು ನನಗೆ ಹೆಚ್ಚುಕಡಿಮೆ ಖಾತ್ರಿಯಿತ್ತು. ಚಾಚಾ ಗೋಣಿತಾಟು ಹಾಸಿದರು.

"ಇದನ್ನ ಕೊಯ್ಯಬ್ಯಾಡ್ರಿ," ಎಂದಳು ಅವಳು.

"ಯಾಕ, ಯವ್ವಾ? ಬದುಕ್ತೈತಿ ಇದು."

"ಹುಳಾ ಐತಿ ಅಂತ ನನಗೂ ಗೊತ್ತೈತ್ರಿ. ಎಷ್ಟು ಗುಳ್ಳಿ ನಾನ ಸುಟ್ಟಿಲ್ಲ? ಗೊತ್ತಾದ ಮ್ಯಾಲೂ ಇದು ಮುಖಾ ಎತ್ತಿದ್ರ ನಾನೂ ಎತ್ತಿ ನೋಡ್ತೀನಿ. ಇದೊಂದು ಇರ್ಲಿ, ಡಾಕ್ಟ್ರವ್ವಾ."

ನನಗೆ ಸಿಟ್ಟು ಬಂತು. ಅದಕ್ಕೆ ನೋವಾಗುತ್ತಿದೆ, ಹಸಿವಾದರೂ ಮೇಯಲು ತಿಳಿಯುವುದಿಲ್ಲ ಎಂದೆ. ಅವಳು ಹುಲ್ಲು ಕಿತ್ತು ಅದರ ಬಾಯಿಗಿಟ್ಟಳು. ಮರಿ ಹುಲ್ಲನ್ನು ಕಚ್ಚಿಕೊಂಡು, ಅಗಿಯುವುದನ್ನು ಮರೆತು, ಸುತ್ತತೊಡಗಿತು. ಅವಳು ಅದರ ಜೊತೆಗೇ ಒಂದು ಸುತ್ತು ನಡೆದಳು. ಚಾಚಾ ಗೋಣಿತಾಟು ಮಡಚಿದರು. ನಾವು ವಾಪಸ್ಸಾದೆವು.

ಮುಂದಿನ ಭಾನುವಾರದ ತನಕ ಅವಳು ಕಾಯಲಿಲ್ಲ. ವಾರದ ನಡುವೆ ಟೆಂಪೋದಲ್ಲಿ ಮರಿಯನ್ನು ಮಲಗಿಸಿಕೊಂಡು, ನಾಲೆ ಸೀಮೆಯಿಂದ ಪಾಮನಕಲ್ಲೂರಿನ ನಮ್ಮ ಆಸ್ಪತ್ರೆಗೇ ಬಂದಳು. ಮರಿ ನಿಲ್ಲಲಾರದೆ ಒಂದೇ ಮಗ್ಗುಲಿಗೆ ಬಿದ್ದು, ಬಿದ್ದಲ್ಲೇ ಕಾಲಾಡಿಸುತ್ತಿತ್ತು.

"ಮೇಯಾಕ ಬಿಟ್ಟೈತಿ. ನೀರೂ ಒಲ್ಲೆನ್ನಾಕತ್ತೈತಿ. ಅವ್ರು ಇದ್ದಿದ್ರ ಇದನ್ನ ಹಿಂಗ ಬಿಡ್ತಿದ್ದಿಲ್ಲ," ಎಂದಳು. "ಕೊಯ್ರಿ."

ಚರ್ಮದ ಮಡಿಕೆ ಎತ್ತಿದಾಗ ಎಲುಬು ಕಾಗದದಷ್ಟು ತೆಳುವಾಗಿತ್ತು, ಚಾಕುವಿನಿಂದಲೇ ಕೊಯ್ಯಲು ಬಂತು. ಸೂಜಿ ಇಳಿದದ್ದೇ ತಡ, ತಿಳಿನೀರು ಸಿರಿಂಜಿಗೆ ಏರಿತು. ಅರ್ಧದಷ್ಟು ಎಳೆದು ನಿಲ್ಲಿಸಿದೆ. ಪೂರ್ತಿ ಖಾಲಿ ಮಾಡಿದರೆ ಪೊರೆ ಜಾರಿ ಒಳಗೇ ಕೂರುತ್ತದೆ. ಚಾಚಾ ಮರಿಯ ತಲೆಯನ್ನು ಕೆಳಮುಖವಾಗಿ ವಾಲಿಸಿದರು. ಇಕ್ಕಳದಿಂದ ಪೊರೆಯ ಅಂಚು ಹಿಡಿದು, ಸ್ವಲ್ಪ ಸ್ವಲ್ಪವೇ ತಿರುಚುತ್ತ ಎಳೆದೆ. ಅವಳು ಗೋಡೆಗೆ ಆನಿಕೊಂಡು ನಿಂತಿದ್ದಳು, ಕಣ್ಣು ತೆಗೆಯಲಿಲ್ಲ. ಪೊರೆ ಹರಿಯದೆ, ಒದ್ದೆ ಅರಿವೆಯಂತೆ, ಇಡಿಯಾಗಿ ಹೊರಬಂತು. ಬಹಳ ದಿನ ಒತ್ತಿಟ್ಟಿದ್ದ ಮಿದುಳು ನನ್ನ ಕಣ್ಣೆದುರೇ ಮೆಲ್ಲಗೆ ಮೇಲೇರಿ ಆ ತಗ್ಗನ್ನು ತುಂಬತೊಡಗಿತು. ಹೊಲಿದು, ನೊಣ ಕೂರದ ಮುಲಾಮು ಹಚ್ಚಿ, ಸೂಜಿಮದ್ದು ಕೊಟ್ಟು ನೆರಳಿಗೆ ಮಲಗಿಸಿದೆವು.

ಮರುದಿನ ಮಧ್ಯಾಹ್ನ ಅದು ಎದ್ದಿತು. ಮೊದಲು ಎಡಕ್ಕೆ ವಾಲಿತು. ತಡೆದು ನಿಂತು, ಮುಖ ಇಳಿಸಿ ನೆಲ ಮೂಸಿತು. ಆಮೇಲೆ ಆಸ್ಪತ್ರೆಯ ಅಂಗಳದಲ್ಲಿ ಯಾರೋ ಕಟ್ಟಿದ್ದ ಆಡಿನ ಕಡೆಗೆ, ಒದರುತ್ತ, ನೆಟ್ಟಗೆ ನಡೆದುಹೋಯಿತು.

ಚಾಚಾ ದೇವರನ್ನು ನೆನೆದರು. ಅವಳು ನೆಲದ ಮೇಲೆ ಕೂತು ಸೆರಗು ಬಾಯಿಗೆ ಒತ್ತಿಕೊಂಡಳು. ಗಂಡ ಸತ್ತಾಗಲೂ ಹಾಗೆ ಅತ್ತಿರಲಿಲ್ಲವಂತೆ, ಆಮೇಲೆ ಮೈದುನ ಹೇಳಿದ. ನಾನು ಹತ್ತಿರ ಕೂತೆ. ಸೆರಗು ಇಳಿಸಿ ಅವಳೇ, "ಇನ್ನ ಯಾರಿಗೂ ಕಾಣಂಗಿಲ್ಲ ಅವ್ರು," ಎಂದಳು.

ಆ ಮರಿಯ ನಂತರ ಇನ್ನೂ ಕೆಲವು ಸುತ್ತಿದವು. ಕೆಲವು ಉಳಿದವು, ಕೆಲವು ಹೋದವು. ಬೇಸಿಗೆ ಕಳೆಯುವ ಹೊತ್ತಿಗೆ ನಿಂತಿತು. ಸರದಾರನಿಗೆ ಗುಳಿಗೆಯ ಸರದಿ ತಪ್ಪಲಿಲ್ಲ. ಮಸ್ಕಿ, ಲಿಂಗಸುಗೂರು ಕಡೆಯ ಬೇರೆ ಹಿಂಡಿನವರಿಗೂ ಅವಳೇ ಹೇಳತೊಡಗಿದಳು. ನಾನು ಹೇಳಿದರೆ ತಲೆಯಾಡಿಸಿ ಮರೆಯುವವರು, ಅವಳು ಹೇಳಿದರೆ ತಲೆ ಸುಡುತ್ತಿದ್ದರು.

ಮುಂಗಾರಿನ ಮೊದಲ ಹುಲ್ಲು ಚಿಗುರಿದಾಗ ಹಿಂಡು ಮತ್ತೆ ಪಾಮನಕಲ್ಲೂರಿನ ಗುಡ್ಡಕ್ಕೆ ಬಂತು. ಹೊಸ ಮರಿಗಳಿಗೆ ಲಸಿಕೆ ಹಾಕಲು ಹೋಗಿದ್ದೆ. ಕೆಲಸ ಮುಗಿಸಿ, ಮೇವು ನೋಡಲು ಹೊರಟ ಅವಳ ಜೊತೆ ಕಾಲುದಾರಿ ಹಿಡಿದು ಮೇಲೆ ಹತ್ತಿದೆ. ದಾರಿ ಕವಲೊಡೆಯುವಲ್ಲಿ, ಎದ್ದು ಕಾಣುವ ಚಪ್ಪಟೆ ಕಲ್ಲಿನ ಮೇಲೆ, ತೋಳದ ಹೇಲು ಬಿದ್ದಿತ್ತು. ಹಳೆಯದಲ್ಲ. ಅದರ ತುಂಬ ಕುರಿಯ ಉಣ್ಣೆ. ಸುತ್ತಲೂ ಮೊಣಕಾಲೆತ್ತರವೂ ಇಲ್ಲದ ಎಳೆ ಹುಲ್ಲು, ಮಳೆಹನಿ ಇನ್ನೂ ಆರಿರಲಿಲ್ಲ.

ಇಬ್ಬರೂ ನಿಂತೆವು. ನಾನು ಚೀಲದಿಂದ ಕೈಗವಸು ತೆಗೆಯುವಷ್ಟರಲ್ಲಿ ಅವಳು ಒಣಪುಳ್ಳೆ ಆರಿಸಿ ತಂದು ಕಲ್ಲಿನ ಮೇಲೆ ಒಟ್ಟಿದಳು. ಕಡ್ಡಿ ಗೀರಿದಳು. ಒದ್ದೆ ಪುಳ್ಳೆ ಹೊಗೆಯಾಡಿ, ನಿಧಾನವಾಗಿ ಹೊತ್ತಿಕೊಂಡಿತು. ಉಣ್ಣೆ ಸುಟ್ಟ ವಾಸನೆ ಗಾಳಿಗೆ ಹರಡಿತು.

"ಗುಡ್ಡದಾಗ ಇಂಥ ಕಲ್ಲು ಎಷ್ಟದಾವ್ರಿ?" ಎಂದು ಕೇಳಿದಳು.

"ಗೊತ್ತಿಲ್ಲ, ಯವ್ವಾ."

ಎದುರಿನ ದಿಬ್ಬದ ಮೇಲೆ ತೋಳ ನಿಂತಿದ್ದನ್ನು ಇಬ್ಬರೂ ಒಟ್ಟಿಗೇ ಕಂಡೆವು. ಹಗಲಿನ ಬೆಳಕಿನಲ್ಲಿ, ಬೂದು ಮೈ, ಉದ್ದ ಕಾಲು, ತೆಳ್ಳಗಿದ್ದರೂ ಗಟ್ಟಿಮುಟ್ಟು. ಹುಳು ಅದಕ್ಕೆ ಏನೂ ಮಾಡಿರಲಿಲ್ಲ. ಮಾಡುವುದೂ ಇಲ್ಲ. ಅದು ನಮ್ಮ ಬೆಂಕಿಯನ್ನು ನೋಡಿತು, ನಮ್ಮನ್ನು ನೋಡಿತು, ಅವಸರವಿಲ್ಲದೆ ತಿರುಗಿ ಆಚೆಗೆ ಇಳಿಯಿತು.

ಅವಳು ಬೆಂಕಿ ಪೂರ್ತಿ ಆರುವ ತನಕ ಕಾದು, ಬೂದಿಯ ಮೇಲೆ ಮಣ್ಣು ಎಳೆದಳು. ಆಮೇಲೆ ಕೆಳಗೆ ಕಾಯುತ್ತಿದ್ದ ಮೈದುನನಿಗೆ ಕೂಗಿ ಹೇಳಿದಳು. "ಈ ದಾರಿ ಬ್ಯಾಡೋ! ಹಿಂಡು ಆಚಿ ಕಡಿಂದ ಹೊಡಿ!"

ಕುರಿಗಳು ಒಂದರ ಹಿಂದೊಂದು ತಿರುಗಿದವು. ನಾನು ಅಲ್ಲೇ ನಿಂತು, ಕೊನೆಯದು ಮರೆಯಾಗುವ ತನಕ, ಒಂದೊಂದರ ತಲೆಯನ್ನೂ ನೋಡಿದೆ.